ರಾತ್ರಿ ಎರಡರ ಸೂಜಿ ಎರಡಕ್ಕೇ ಯಾಕೆ?

ಹೋದ ಮಳೆಗಾಲದಲ್ಲಿ ಅಣ್ಣಿಗೇರಿ ಹತ್ತಿರದ ಹೊಲದಲ್ಲಿ ಕಳೆ ತೆಗೆಯುವಾಗ ನಮ್ಮ ಚಿಕ್ಕವ್ವನ ಕಾಲಿಗೆ ಜಾಲಿಮುಳ್ಳು ನೆಟ್ಟಿತು. ಮುಳ್ಳು ಕಿತ್ತು, ಅರಿಶಿನ ಒತ್ತಿ, ಮತ್ತೆ ಕೆಲಸಕ್ಕೆ ನಿಂತಳು. ಸಕ್ಕರೆ ಕಾಯಿಲೆ ಬೇರೆ ಇದೆ. ನಾಲ್ಕನೇ ದಿನಕ್ಕೆ ಪಾದ ಕೆಂಪಗಾಗಿ ಮೀನಖಂಡದವರೆಗೆ ಬಾತಿತು, ಜ್ವರ ಏರಿತು. ಹುಬ್ಬಳ್ಳಿಯ ಒಂದು ಆಸ್ಪತ್ರೆಗೆ ಸೇರಿಸಿದೆವು. ಚರ್ಮದ ಕೆಳಗೆ ಹಬ್ಬಿದ ಸೋಂಕು. ಸೆಲ್ಯುಲೈಟಿಸ್ ಅಂದರು.

ವಾರ್ಡಿಗೆ ಬಂದ ಕೂಡಲೇ ಸಿಸ್ಟರ್ ಒಬ್ಬರು ಬಾಲ್‌ಪೆನ್ ತೆಗೆದು, ಕಾಲಿನ ಮೇಲೆ ಕೆಂಪು ಎಲ್ಲಿ ಮುಗಿಯುತ್ತದೋ ಅಲ್ಲಿ ಸುತ್ತಲೂ ಗೆರೆ ಎಳೆದರು. ಪಕ್ಕಕ್ಕೆ ತಾರೀಖು, ಟೈಮು ಬರೆದರು. "ಇದನ್ನ ತಿಕ್ಕಿ ತೊಳಿಬ್ಯಾಡ್ರಿ ಅಮ್ಮಾರ" ಅಂದು ಹೋದರು.

ರಾತ್ರಿ ಎರಡಕ್ಕೆ ಆ್ಯಂಟಿಬಯೋಟಿಕ್ ಸೂಜಿ ಹಿಡಿದು ಅವರೇ ಮತ್ತೆ ಬಂದರು. ಆಗಷ್ಟೇ ಚಿಕ್ಕವ್ವನಿಗೆ ನಿದ್ದೆ ಹತ್ತಿತ್ತು. ಎಬ್ಬಿಸಿ ಹೆಸರು ಕೇಳಿದರು, ಕೈಪಟ್ಟಿ ನೋಡಿದರು, ಯಾವುದಾದರೂ ಔಷಧ ಆಗಿಬರೋದಿಲ್ಲವೇ ಅಂತ ಮೂರನೇ ಸಲ ಕೇಳಿದರು. ನನಗೆ ತಡೆಯಲಾಗಲಿಲ್ಲ. "ಸಿಸ್ಟರ್, ಈಗರ ನಿದ್ದಿ ಹತ್ತಿತ್ತು. ಮುಂಜಾನೆ ಮಾಡಿದ್ರ ಆಗೂದಿಲ್ಲೇನ್ರಿ?"

"ಮುಂಜಾನೆ ಎಂಟಕ್ಕ ಮತ್ತೊಂದ ಐತ್ರಿ. ಎರಡರದು ಎರಡಕ್ಕ ಆಗಬೇಕು."

ಆ ಹೊತ್ತಿಗೆ ಅದು ಸುಮ್ನೆ ಹಠ ಅನಿಸಿತು. ಆಮೇಲೆ ಧಾರವಾಡದಲ್ಲಿ ನರ್ಸ್ ಆಗಿರುವ ನಮ್ಮ ಸೋದರಮಾವನ ಮಗಳನ್ನು ಕಾಡಿ, ಒಂದಿಷ್ಟು ಓದಿ ನೋಡಿದಾಗ ಆ ಹಠದ ಹಿಂದೆ ಎಷ್ಟು ವಿಷಯ ಇದೆ ಅಂತ ತಿಳಿಯಿತು. ಮನೆಯವರನ್ನು ಆಸ್ಪತ್ರೆಗೆ ಸೇರಿಸಿ ಮಂಚದ ಪಕ್ಕ ಕೂತವರಿಗೆ ಉಪಯೋಗ ಆಗಬಹುದು ಅಂತ ಇಲ್ಲಿ ಬರೆಯುತ್ತಿದ್ದೇನೆ.

ಯಾವುದಕ್ಕೆ ನಾಟುತ್ತದೆ, ಯಾವುದಕ್ಕೆ ಇಲ್ಲ

ಆ್ಯಂಟಿಬಯೋಟಿಕ್ ಅಂದರೆ ಬ್ಯಾಕ್ಟೀರಿಯಾ ಕೊಲ್ಲುವ ಅಥವಾ ಅವು ಬೆಳೆಯದಂತೆ ತಡೆಯುವ ಔಷಧ. ಅಷ್ಟೇ. ಜ್ವರದ ಗುಳಿಗೆ ಪ್ಯಾರಾಸಿಟಮಾಲ್ ಆ್ಯಂಟಿಬಯೋಟಿಕ್ ಅಲ್ಲ. ನೋವಿನ ಗುಳಿಗೆಯೂ ಅಲ್ಲ. ನೆಗಡಿ, ಫ್ಲೂ, ಡೆಂಗಿ ಬರೋದು ವೈರಸ್‌ನಿಂದ. ಅವಕ್ಕೆ ಇದು ನಾಟುವುದೇ ಇಲ್ಲ.

ಬ್ಯಾಕ್ಟೀರಿಯಾ ಒಂದೇ ಕೋಶದ ಪೂರ್ತಿ ಜೀವ. ತಾನೇ ಉಣ್ಣುತ್ತದೆ, ತಾನೇ ಬೆಳೆಯುತ್ತದೆ, ಒಂದು ಎರಡಾಗುತ್ತದೆ. ಸಾಮಾನ್ಯ ಗಾತ್ರದವನ್ನು ಸಾಲಾಗಿ ಇಟ್ಟರೆ ಒಂದು ಮಿಲಿಮೀಟರಿನಲ್ಲಿ ಸಾವಿರದಷ್ಟು ಹಿಡಿಸುತ್ತವೆ. ವೈರಸ್ ಅದಕ್ಕಿಂತ ಎಷ್ಟೋ ಪಾಲು ಸಣ್ಣದು. ಅದಕ್ಕೆ ಸ್ವಂತ ಮನೆಯೂ ಇಲ್ಲ, ಅಡುಗೆಮನೆಯೂ ಇಲ್ಲ. ನಮ್ಮ ಕೋಶದೊಳಗೆ ಹೊಕ್ಕು ನಮ್ಮ ಸಾಮಾನು ಬಳಸಿಯೇ ಬದುಕುತ್ತದೆ. ಆ್ಯಂಟಿಬಯೋಟಿಕ್ ಏಟು ಹಾಕುವುದು ಬ್ಯಾಕ್ಟೀರಿಯಾದ ಮನೆ, ಅಡುಗೆಮನೆಗಳ ಮೇಲೆ. ಅವೇ ಇಲ್ಲದವನಿಗೆ ಏಟು ಬೀಳೋದು ಎಲ್ಲಿ?

ಟೈರು, ಮಗ್ಗ ಮತ್ತು ಸೊಪ್ಪು

ವಿಷ ಹಾಕಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ನಾವೂ ಸಾಯುತ್ತೇವೆ. ಬೆಳೆ ಉಳಿದು ಕಳೆ ಮಾತ್ರ ಸಾಯಬೇಕು, ಅದೇ ಕಷ್ಟ. ಹಾಗಾಗಿ ಬ್ಯಾಕ್ಟೀರಿಯಾದಲ್ಲಿ ಇದ್ದು ನಮ್ಮಲ್ಲಿ ಇಲ್ಲದ್ದು ಏನು ಅಂತ ಹುಡುಕಬೇಕು.

ಮೊದಲನೆಯದು ಗೋಡೆ. ಬ್ಯಾಕ್ಟೀರಿಯಾದ ಒಳಗೆ ಒತ್ತಡ ಜಾಸ್ತಿ. ಸೈಕಲ್ ಟ್ಯೂಬಿನ ಹಾಗೆ. ಟ್ಯೂಬನ್ನು ಹಿಡಿದಿಡೋದು ಹೊರಗಿನ ಟೈರು. ಟೈರು ಒಂದು ಕಡೆ ಹರಿದರೆ ಅಲ್ಲಿ ಟ್ಯೂಬು ಗುಬುಟು ಬಂದು ಢಬ್ ಅನ್ನುತ್ತದೆ, ಅಲ್ವಾ? ಪೆನಿಸಿಲಿನ್, ಅಮಾಕ್ಸಿಸಿಲಿನ್, ಕ್ಲಾಕ್ಸಾಸಿಲಿನ್, ಸೆಫ್ಟ್ರಿಯಾಕ್ಸೋನ್ ಎಲ್ಲ ಮಾಡೋದು ಇದನ್ನೇ. ಹೊಸ ಟೈರು ಹೆಣೆಯುವ ಕೈಯನ್ನು ಕಟ್ಟಿಹಾಕುತ್ತವೆ. ಬ್ಯಾಕ್ಟೀರಿಯಾ ಬೆಳೆಯಲು ಹೊರಟು, ಗೋಡೆ ಸಾಲದೆ, ಒಡೆದು ಸಾಯುತ್ತದೆ. ನಮ್ಮ ಕೋಶಗಳಿಗೆ ಟೈರೇ ಇಲ್ಲ, ತೆಳು ಪೊರೆ ಮಾತ್ರ. ಅದಕ್ಕೇ ಅಲರ್ಜಿ ಇಲ್ಲದವರಿಗೆ ಈ ಔಷಧಗಳು ಅಷ್ಟು ಸುರಕ್ಷಿತ.

ಎರಡನೆಯದು ಪ್ರೋಟೀನ್ ತಯಾರಿಸುವ ರೈಬೋಸೋಮ್. ಬೆಟಗೇರಿ ಕಡೆ ಮಗ್ಗ ನೋಡಿದವರಿಗೆ ಇದು ಸಲೀಸಾಗಿ ತಿಳಿಯುತ್ತದೆ. ಲಾಳಿ ಓಡುವ ದಾರಿಯಲ್ಲಿ ಕಡ್ಡಿ ಸಿಕ್ಕಿಸಿದರೆ ಮಗ್ಗ ನಿಲ್ಲುತ್ತದೆ. ಅಜಿತ್ರೋಮೈಸಿನ್, ಡಾಕ್ಸಿಸೈಕ್ಲಿನ್ ಮಗ್ಗ ನಿಲ್ಲಿಸುವ ಕಡ್ಡಿಗಳು. ಅಮಿಕಾಸಿನ್, ಜೆಂಟಾಮೈಸಿನ್ ಇನ್ನೂ ಕಿಡಿಗೇಡಿಗಳು. ಮಗ್ಗ ನಡೆಯುತ್ತದೆ, ಆದರೆ ಎಳೆ ತಪ್ಪಿ ಕೆಟ್ಟ ಬಟ್ಟೆ ನೇಯುತ್ತದೆ. ಆ ಕೆಟ್ಟ ಪ್ರೋಟೀನಿನಿಂದಲೇ ಬ್ಯಾಕ್ಟೀರಿಯಾ ಹಾಳಾಗುತ್ತದೆ. ನಮ್ಮ ದೇಹದಲ್ಲೂ ಮಗ್ಗ ಇದೆ. ಆದರೆ ಅದರ ಕಟ್ಟು ಬೇರೆ, ಈ ಕಡ್ಡಿ ಅಲ್ಲಿ ಸರಿಯಾಗಿ ಕೂರುವುದಿಲ್ಲ.

ಸಿಪ್ರೊಫ್ಲಾಕ್ಸಾಸಿನ್ ಬ್ಯಾಕ್ಟೀರಿಯಾದ ಡಿಎನ್ಎ ಎಳೆ ಬಿಚ್ಚಿ ಸುತ್ತುವ ಕಿಣ್ವವನ್ನು ಹಿಡಿಯುತ್ತದೆ. ಕೋಟ್ರೈಮಾಕ್ಸಜೋಲ್ ಅನ್ನೋದು ಬ್ಯಾಕ್ಟೀರಿಯಾ ತಾನೇ ಮಾಡಿಕೊಳ್ಳುವ ಫೋಲೇಟ್ ಎಂಬ ವಿಟಮಿನ್‌ಗೆ ಅಡ್ಡಿ ಮಾಡುತ್ತದೆ. ನಾವು ಫೋಲೇಟ್ ಮಾಡಿಕೊಳ್ಳೋದಿಲ್ಲ, ಮೆಂತ್ಯ, ಪಾಲಕ್ ತಿಂದು ಪಡೆಯುತ್ತೇವೆ. ಹಾಗಾಗಿ ನಮಗೆ ಆ ಏಟು ಅಷ್ಟಾಗಿ ತಗಲುವುದಿಲ್ಲ.

ಹಕ್ಕಿ ಕಾಯುವ ಲೆಕ್ಕ

ಇನ್ನು ರಾತ್ರಿ ಎರಡು ಗಂಟೆಯ ವಿಷಯ.

ಬಿಳಿಜೋಳ ಹಾಲುಗಾಳು ಕಟ್ಟುವಾಗ ಹೊಲದಲ್ಲಿ ಅಟ್ಟ ಹಾಕಿ, ಕವಣೆ ಹಿಡಿದು ಹಕ್ಕಿ ಕಾಯುತ್ತಾರೆ. ಮುಂಜಾನೆ ಒಂದು ತಾಸು ಗಂಟಲು ಹರಿಯುವಂತೆ ಕೂಗಿ, ಆಮೇಲೆ ನಾಲ್ಕು ತಾಸು ಮಲಗಿದರೆ ಏನಾಗುತ್ತದೆ? ಗಿಣಿ ಹಿಂಡು ಇಳಿಯುತ್ತದೆ. ಎಷ್ಟು ಜೋರಾಗಿ ಕೂಗಿದಿರಿ ಅನ್ನೋದಕ್ಕಿಂತ ಎಷ್ಟು ಹೊತ್ತು ಎಚ್ಚರ ಇದ್ದಿರಿ ಅನ್ನೋದೇ ಇಲ್ಲಿ ಲೆಕ್ಕ.

ಪೆನಿಸಿಲಿನ್ ಗುಂಪಿನ ಔಷಧಗಳು ಹೀಗೆ. ರಕ್ತದಲ್ಲಿ ಒಂದು ಮಟ್ಟಕ್ಕಿಂತ ಮೇಲೆ ಎಷ್ಟು ಹೊತ್ತು ಇರುತ್ತವೆ ಅನ್ನೋದರ ಮೇಲೆ ಅವುಗಳ ಕೆಲಸ. ಚಿಕ್ಕವ್ವನಿಗೆ ಕೊಡುತ್ತಿದ್ದ ಕ್ಲಾಕ್ಸಾಸಿಲಿನ್ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಅರ್ಧಕ್ಕೆ ಇಳಿದುಬಿಡುತ್ತದೆ. ಅದಕ್ಕೇ ಆರು ತಾಸಿಗೊಮ್ಮೆ: ಎರಡು, ಎಂಟು, ಎರಡು, ಎಂಟು. ರಾತ್ರಿಯದನ್ನು ಬಿಟ್ಟರೆ ಎರಡು ಡೋಸ್ ನಡುವೆ ಹನ್ನೆರಡು ತಾಸು, ಅದರಲ್ಲಿ ಬಹಳ ಹೊತ್ತು ಹೊಲ ಕಾವಲಿಲ್ಲದೆ ಬಿದ್ದಿರುತ್ತದೆ. ಎಂಟಕ್ಕೆ ಎರಡು ಡೋಸ್ ಸೇರಿಸಿ ಕೊಟ್ಟರೂ ಕಳೆದ ಹೊತ್ತು ಬರುವುದಿಲ್ಲ.

ಹಾಗಾದರೆ ಪಕ್ಕದ ಮಂಚದವರಿಗೆ ದಿನಕ್ಕೆ ಒಂದೇ ಇಂಜೆಕ್ಷನ್ ಯಾಕೆ? ಅವರಿಗೆ ಅಮಿಕಾಸಿನ್ ಇತ್ತು. ಅದು ಪಟಾಕಿಯ ಹಾಗೆ. ಒಂದು ದೊಡ್ಡ ಸದ್ದಿಗೆ ಹಕ್ಕಿ ಓಡುತ್ತವೆ, ಸದ್ದು ನಿಂತ ಮೇಲೂ ಬಹಳ ಹೊತ್ತು ಹತ್ತಿರ ಬರುವುದಿಲ್ಲ. ಇಲ್ಲಿ ಬೇಕಾದ್ದು ಒಮ್ಮೆಗೆ ಸಿಗುವ ಎತ್ತರದ ಮಟ್ಟ. ಆದರೆ ಈ ಔಷಧ ಕಿಡ್ನಿಗೂ ಒಳಗಿವಿಗೂ ಪೆಟ್ಟು ಕೊಡಬಲ್ಲದು. ನಡುವೆ ಇಳಿಯಲು ಬಿಟ್ಟರೆ ದೇಹಕ್ಕೆ ಉಸಿರು ತಿರುಗಿಸಿಕೊಳ್ಳಲು ಹೊತ್ತು ಸಿಗುತ್ತದೆ. ಸಿಸ್ಟರ್ ಆ ರೋಗಿಯ ಮೂತ್ರ ಅಳೆದು ಬರೆಯುತ್ತಿದ್ದುದು, "ಕಿವಿ ಗುಂಯ್ ಅಂತದೇನ್ರಿ, ತಲಿ ತಿರಗತದೇನ್ರಿ" ಅಂತ ಕೇಳುತ್ತಿದ್ದುದು ಇದಕ್ಕೇ.

ಸೆಫ್ಟ್ರಿಯಾಕ್ಸೋನ್ ಗೋಡೆ ಒಡೆಯುವ ಗುಂಪಿನದೇ ಆದರೂ ದಿನಕ್ಕೆ ಒಂದು ಇಲ್ಲವೇ ಎರಡು ಸಲ ಸಾಕು. ಅದು ಅರ್ಧಕ್ಕೆ ಇಳಿಯಲು ಸುಮಾರು ಎಂಟು ಗಂಟೆ ಬೇಕು.

ಅದೇ ಪ್ರಶ್ನೆ ಮೂರು ಸಲ

ಡಾಕ್ಟರು ಬರೆಯುತ್ತಾರೆ, ಫಾರ್ಮಸಿಯವರು ಕೊಡುತ್ತಾರೆ. ಔಷಧ ಮೈಯೊಳಗೆ ಹೋಗುವ ಮುನ್ನ ಅದನ್ನು ಹಿಡಿಯುವ ಕೊನೆಯ ಕೈ ನರ್ಸ್‌ದು. ಅಲ್ಲಿಯವರೆಗೆ ಯಾರು ತಪ್ಪಿದ್ದರೂ ಹಿಡಿಯುವ ಕಡೆಯ ಅವಕಾಶವೂ ಅವರದೇ. ಸರಿಯಾದ ರೋಗಿ, ಸರಿಯಾದ ಔಷಧ, ಸರಿಯಾದ ಪ್ರಮಾಣ, ಸರಿಯಾದ ದಾರಿ, ಸರಿಯಾದ ಹೊತ್ತು ಅಂತ ನರ್ಸಿಂಗ್ ಓದುವ ಹುಡುಗಿಯರಿಗೆ ಮೊದಲ ವರ್ಷವೇ ಬಾಯಿಪಾಠ ಮಾಡಿಸುತ್ತಾರೆ. ಒಂದೇ ವಾರ್ಡಿನಲ್ಲಿ ಇಬ್ಬರು ಯಲ್ಲವ್ವ, ಮೂವರು ಬಸಪ್ಪ ಇರೋದು ನಮ್ಮ ಕಡೆ ಏನು ದೊಡ್ಡ ಮಾತಲ್ಲ. ಕೈಪಟ್ಟಿ ನೋಡದೆ ನಡೆಯುವುದಿಲ್ಲ.

ಅಲರ್ಜಿ ಪ್ರಶ್ನೆ ಮತ್ತೆ ಮತ್ತೆ ಬರೋದಕ್ಕೆ ಕಾರಣ ಇದೆ. ಮೊದಲ ಸಲ ಕೇಳಿದಾಗ "ಏನೂ ಇಲ್ರಿ" ಅಂದ ಚಿಕ್ಕವ್ವ, ಮೂರನೇ ಸಲಕ್ಕೆ "ಹಿಂದಕೊಮ್ಮೆ ಯಾವುದೋ ಗುಳಿಗಿ ತಗೊಂಡಾಗ ಹೊಟ್ಟಿ ಕೆಟ್ಟಿತ್ತು" ಅಂದಳು. ಅದು ಅಲರ್ಜಿ ಅಲ್ಲ, ಅಡ್ಡ ಪರಿಣಾಮ. ಹೊಟ್ಟೆಯಲ್ಲಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತರೆ ಭೇದಿ ಆಗಬಹುದು. ಮೈಯೆಲ್ಲ ದದ್ದು ಎದ್ದಿತ್ತು, ತುಟಿ ಊದಿತ್ತು, ಉಸಿರು ಕಟ್ಟಿತ್ತು ಅಂದರೆ ಅದು ಬೇರೆ ಮಾತು, ಸಿಸ್ಟರ್ ಅಲ್ಲಿಗೇ ನಿಲ್ಲಿಸಿ ಡಾಕ್ಟರನ್ನು ಕರೆಯುತ್ತಾರೆ. ಪೆನಿಸಿಲಿನ್ ಅಲರ್ಜಿ ಇದೆ ಅಂತ ಹೇಳಿಕೊಳ್ಳುವ ಬಹಳ ಜನರಿಗೆ ಪರೀಕ್ಷೆ ಮಾಡಿದರೆ ಇರುವುದಿಲ್ಲ. ಸುಳ್ಳು ಹಣೆಪಟ್ಟಿ ಬಿದ್ದರೆ ಒಳ್ಳೆಯ, ಅಗ್ಗದ ಔಷಧ ಜೀವನಪೂರ್ತಿ ಕೈತಪ್ಪುತ್ತದೆ. ಹಾಗಾಗಿ "ಅಲರ್ಜಿ ಐತಿ" ಅನ್ನುವುದಕ್ಕಿಂತ ಆವತ್ತು ಏನಾಯಿತು ಅಂತ ಹೇಳುವುದು ಒಳ್ಳೆಯದು.

ಕೆಲವು ಕಡೆ ಮೊದಲು ಚರ್ಮದೊಳಗೆ ಒಂದು ಚೂರು ಔಷಧ ಕೊಟ್ಟು ನೋಡುತ್ತಾರೆ, ಟೆಸ್ಟ್ ಡೋಸ್ ಅಂತ. ಅದರಲ್ಲಿ ಏನೂ ಆಗದಿದ್ದರೂ ಮುಂದೆ ಆಗುವುದೇ ಇಲ್ಲ ಅಂತ ಖಾತ್ರಿ ಇಲ್ಲ. ಮೊದಲ ಡೋಸ್ ಆದ ಮೇಲೆ ಅರ್ಧ ತಾಸು ಸಿಸ್ಟರ್ ಕಣ್ಣಿಡುವುದು ಇದಕ್ಕೆ. ತೀವ್ರ ಅಲರ್ಜಿ ಬಂದರೆ ಮೊದಲು ಬೇಕಾದ್ದು ಅಡ್ರಿನಲಿನ್, ತೊಡೆಯ ಮಾಂಸಕ್ಕೆ ಕೂಡಲೇ. ಆ ಔಷಧದ ಚಿಕ್ಕ ಗಾಜಿನ ಸೀಸೆ (ಆ್ಯಂಪ್ಯೂಲ್) ಕೈಗೆ ಸಿಗುವಂತೆ ಇದೆಯೇ ಅಂತ ನೋಡಿಕೊಂಡೇ ಇಂಜೆಕ್ಷನ್‌ಗೆ ಕೈ ಹಾಕಬೇಕು ಅಂತ ನಮ್ಮ ನರ್ಸ್ ಹುಡುಗಿ ಹೇಳಿದಳು. ರೋಗಿಗೆ ಕೈಕಾಲು ಕೆರೆತ, ಎದೆ ಬಿಗಿತ, ಗಂಟಲು ಕಟ್ಟಿದಂತೆ ಅನಿಸಿದರೆ "ಸ್ವಲ್ಪ ನೋಡೋಣ" ಅಂತ ಕೂರಬೇಡಿ. ಕೂಗಿ ಕರೆಯಿರಿ.

ಬಾಟಲಿಯಿಂದ ರಕ್ತನಾಳದವರೆಗೆ

ಪುಡಿಯ ಬಾಟಲಿಗೆ ನೀರು ಹಾಕಿ ಅಲುಗಾಡಿಸಿ ಚುಚ್ಚುವುದು ನೋಡಲು ಸುಲಭ. ಆದರೆ ತಪ್ಪಾಗೋದು ಜಾಸ್ತಿ ಇಲ್ಲೇ.

ಸೆಫ್ಟ್ರಿಯಾಕ್ಸೋನ್ ಕ್ಯಾಲ್ಸಿಯಂ ಜೊತೆ ಸೇರಿದರೆ ಗಸಿ ಕಟ್ಟುತ್ತದೆ. ರಿಂಗರ್ ಲ್ಯಾಕ್ಟೇಟ್ ಸಲೈನಿನಲ್ಲಿ ಕ್ಯಾಲ್ಸಿಯಂ ಇದೆ. ಅದಕ್ಕೇ ಸಿಸ್ಟರ್ ಒಂದನ್ನು ನಿಲ್ಲಿಸಿ, ನಳಿಕೆಯನ್ನು ಸಾದಾ ಸಲೈನಿನಿಂದ ತೊಳೆದು, ಆಮೇಲೆ ಇನ್ನೊಂದು ಕೊಡುತ್ತಾರೆ. ಹಸುಗೂಸುಗಳ ವಿಷಯದಲ್ಲಿ ಇದು ಪ್ರಾಣಕ್ಕೇ ಬರುವ ತಪ್ಪು. ಮೊದಲ 28 ದಿನದ ಮಗುವಿಗೆ ಕ್ಯಾಲ್ಸಿಯಂ ಇರುವ ಸಲೈನ್ ನಡೆದಿದ್ದರೆ ಆ ಔಷಧವನ್ನೇ ಕೊಡುವುದಿಲ್ಲ. ಇದೇ ಔಷಧವನ್ನು ಸೊಂಟಕ್ಕೆ ಕೊಡುವಾಗ ನೋವು ಕಡಿಮೆ ಆಗಲಿ ಅಂತ ಲಿಗ್ನೋಕೇನ್ ಎಂಬ ಮರಗಟ್ಟಿಸುವ ಔಷಧದಲ್ಲಿ ಕಲಸುತ್ತಾರೆ. ಹಾಗೆ ಕಲಸಿದ್ದು ರಕ್ತನಾಳಕ್ಕೆ ಹೋಗಲೇಬಾರದು. ಹೃದಯದ ಕವಾಟ ಕೆಟ್ಟ ಮಕ್ಕಳಿಗೆ ಮೂರು, ನಾಲ್ಕು ವಾರಕ್ಕೊಮ್ಮೆ ಕೊಡುವ ಬೆಂಜಥೀನ್ ಪೆನಿಸಿಲಿನ್ ಹಾಲಿನಂತೆ ಬೆಳ್ಳಗಿರುತ್ತದೆ, ಅದೂ ಮಾಂಸಖಂಡಕ್ಕೆ ಮಾತ್ರ. ವ್ಯಾಂಕೊಮೈಸಿನ್ ಅನ್ನೋ ಆ್ಯಂಟಿಬಯೋಟಿಕ್ ಕನಿಷ್ಠ ಒಂದು ಗಂಟೆ ಹಿಡಿದು ನಿಧಾನ ಹೋಗಬೇಕು. ಬೇಗ ಬಿಟ್ಟರೆ ಮುಖ, ಕುತ್ತಿಗೆ ಕೆಂಪಾಗಿ ಕೆರೆತ ಶುರು, ಬಿಪಿ ಇಳಿಯಲೂಬಹುದು. "ಸಲೈನ್ ಲಗೂನ ಬಿಡ್ರಿ, ಬಸ್ಸಿಗಿ ಹೋಗಬೇಕು" ಅನ್ನುವವರು ಇದನ್ನು ತಿಳಿದಿರಲಿ. ಮಂಚದ ಪಕ್ಕ ಕೂತವರು ಸಲೈನ್ ನಳಿಕೆಯ ಚಕ್ರ ತಿರುಗಿಸುವುದು ನಾನೇ ಕಂಡಿದ್ದೇನೆ.

ಇನ್ನೊಂದು ಕೆಲಸ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಮೊದಲ ಡೋಸ್‌ಗೂ ಮುಂಚೆ ರಕ್ತ ಅಥವಾ ಕೀವು ತೆಗೆದು ಕಲ್ಚರ್‌ಗೆ ಕಳಿಸುವುದು. ಔಷಧ ಹೋದ ಮೇಲೆ ತೆಗೆದರೆ ಬ್ಯಾಕ್ಟೀರಿಯಾ ಬೆಳೆಯದೇ ಇರಬಹುದು. ಲ್ಯಾಬಿನಲ್ಲಿ ತಟ್ಟೆಯ ತುಂಬ ಆ ಬ್ಯಾಕ್ಟೀರಿಯಾ ಸವರಿ, ಬೇರೆ ಬೇರೆ ಔಷಧ ಅದ್ದಿದ ಚಿಕ್ಕ ಕಾಗದದ ಬಿಲ್ಲೆ ಇಡುತ್ತಾರೆ. ಔಷಧ ನಾಟಿದರೆ ಬಿಲ್ಲೆಯ ಸುತ್ತ ಏನೂ ಬೆಳೆಯದ ಖಾಲಿ ಉಂಗುರ. ನಾಟದಿದ್ದರೆ ಬಿಲ್ಲೆಯ ಅಂಚಿನವರೆಗೂ ಬೆಳೆದಿರುತ್ತದೆ. ರಿಪೋರ್ಟಿನಲ್ಲಿ ಔಷಧದ ಮುಂದೆ 'ಎಸ್' ಇದ್ದರೆ ನಾಟುತ್ತದೆ, 'ಆರ್' ಇದ್ದರೆ ಇಲ್ಲ. ಇದು ಬರಲು ಎರಡು, ಮೂರು ದಿನ ಹಿಡಿಯುತ್ತದೆ. ಅಲ್ಲಿಯವರೆಗೆ ಡಾಕ್ಟರು ಅಂದಾಜಿನ ಮೇಲೆ ಔಷಧ ಶುರು ಮಾಡಿರುತ್ತಾರೆ. ರಿಪೋರ್ಟ್ ಬಂದ ಮೇಲೆ ಔಷಧ ಬದಲಾದರೆ "ಮೊದಲಿಂದು ತಪ್ಪು ಕೊಟ್ಟಿದ್ರು" ಅಂತಲ್ಲ. ಸೋಂಕು ರಕ್ತಕ್ಕೆ ಏರಿ ಬಿಪಿ ಬಿದ್ದವರಿಗಂತೂ ಒಂದು ಗಂಟೆಯೊಳಗೆ ಮೊದಲ ಡೋಸ್ ಹೋಗಬೇಕು. ಆಗ ಕಾಯುವ ಮಾತೇ ಇಲ್ಲ.

ಮೂರನೇ ದಿನ ಸೂಜಿ ನಿಲ್ಲಿಸಿ ಗುಳಿಗೆಗೆ ಬದಲಿಸಿದಾಗ ನಮ್ಮ ಮನೆಯವರಿಗೆ ಗಾಬರಿ. ಸೂಜಿ ಅಂದರೆ ಪವರ್ ಜಾಸ್ತಿ ಅನ್ನೋ ನಂಬಿಕೆ ನಮ್ಮ ಕಡೆ ಗಟ್ಟಿ. ಆದರೆ ಲಿನೆಜೊಲಿಡ್, ಮೆಟ್ರೊನಿಡಜೋಲ್‌ನಂಥ ಔಷಧಗಳು ಬಾಯಿಯಿಂದ ಹೋದರೂ ಹೆಚ್ಚುಕಡಿಮೆ ಪೂರ್ತಿ ರಕ್ತಕ್ಕೆ ಸೇರುತ್ತವೆ. ಜ್ವರ ಇಳಿದು ಊಟ ಹೋಗುತ್ತಿದ್ದರೆ ರಕ್ತನಾಳಕ್ಕೆ ಹಾಕಿದ ನಳಿಕೆ, ಕ್ಯಾನುಲಾ, ಎಷ್ಟು ಬೇಗ ತೆಗೆದರೆ ಅಷ್ಟು ಒಳ್ಳೆಯದು. ಆ ತೂತೇ ಹೊಸ ಸೋಂಕಿಗೆ ಬಾಗಿಲು.

ಹತ್ತಿ ಹುಳ ಕಲಿಸಿದ್ದು

ಔಷಧ ನಾಟದಿರುವುದು ಅಂದರೆ ನಮ್ಮ ಮೈ ಔಷಧಕ್ಕೆ ಒಗ್ಗಿಹೋಗುವುದು ಅಂತ ಬಹಳ ಜನ ತಿಳಿದಿದ್ದಾರೆ. ಅಲ್ಲ, ಬದಲಾಗೋದು ಬ್ಯಾಕ್ಟೀರಿಯಾ. ಹಾವೇರಿ, ಗದಗ, ಧಾರವಾಡದ ಹತ್ತಿ ಬೆಳೆಗಾರರಿಗೆ ಇದನ್ನು ಹೆಚ್ಚು ಹೇಳಬೇಕಾಗಿಲ್ಲ. 2002ರಲ್ಲಿ ಬಿಟಿ ಹತ್ತಿಗೆ, ಅಂದರೆ ಹುಳ ಕೊಲ್ಲುವ ವಿಷವನ್ನು ಗಿಡವೇ ಮಾಡಿಕೊಳ್ಳುವ ಹತ್ತಿಗೆ, ಒಪ್ಪಿಗೆ ಸಿಕ್ಕಾಗ ಕಾಯಿಕೊರಕದ ಕಾಟ ತಗ್ಗಿತು. ವರ್ಷಗಳು ಹೋದಂತೆ ಗುಲಾಬಿ ಕಾಯಿಕೊರಕ ಬಿಟಿ ಕಾಯನ್ನೇ ತಿಂದು ಬದುಕತೊಡಗಿತು. ಯಾವ ಹುಳವೂ ಕೂತು ಪಾಠ ಕಲಿಯಲಿಲ್ಲ. ವಿಷ ತಡೆಯುವ ಒಂದೆರಡು ಹುಳ ಮೊದಲೇ ಇದ್ದವು. ಉಳಿದವು ಸತ್ತವು, ಇವುಗಳ ಸಂತಾನ ಹೊಲ ತುಂಬಿತು.

ಹತ್ತಿ ಹುಳಕ್ಕೆ ಒಂದು ಪೀಳಿಗೆಗೆ ವಾರಗಳು ಬೇಕು. ಹೊಟ್ಟೆಯಲ್ಲಿರುವ ಈ.ಕೋಲೈ ಬ್ಯಾಕ್ಟೀರಿಯಾ ಅನುಕೂಲ ಇದ್ದರೆ 20 ನಿಮಿಷಕ್ಕೆ ಎರಡಾಗುತ್ತದೆ. ಏಳು ತಾಸಿನಲ್ಲಿ ಒಂದು 20 ಲಕ್ಷ ದಾಟುತ್ತದೆ. ಜೊತೆಗೆ ಹುಳಕ್ಕಿಲ್ಲದ ಒಂದು ಕಲೆ ಇವಕ್ಕಿದೆ: ಔಷಧ ತಡೆಯುವ ಗುಟ್ಟು ಬರೆದ ಡಿಎನ್ಎ ತುಂಡನ್ನು ಪಕ್ಕದವನಿಗೆ ಕಡ ಕೊಡುತ್ತವೆ. ಕೆಲವು ಪೆನಿಸಿಲಿನ್ ಕತ್ತರಿಸುವ ಕಿಣ್ವ ಮಾಡುತ್ತವೆ, ಕೆಲವು ಔಷಧವನ್ನು ಪಂಪ್ ಹಾಕಿ ಹೊರಗೆ ಚೆಲ್ಲುತ್ತವೆ. ಅಮಾಕ್ಸಿಸಿಲಿನ್ ಜೊತೆ ಕ್ಲಾವುಲನೇಟ್ ಸೇರಿಸುವುದು ಆ ಕತ್ತರಿಗೆ ಬೇರೆ ಏನೋ ಕಚ್ಚಲು ಕೊಟ್ಟು ಅಮಾಕ್ಸಿಸಿಲಿನ್ ಉಳಿಸಿಕೊಳ್ಳಲು.

2019ರ ಒಂದೇ ವರ್ಷದಲ್ಲಿ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳಿಂದ ನೇರವಾಗಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರು ಅಂತ ಅಂದಾಜು. ಇಂಥ ಬ್ಯಾಕ್ಟೀರಿಯಾ ಒಂದು ಮಂಚದಿಂದ ಇನ್ನೊಂದು ಮಂಚಕ್ಕೆ ಹೋಗುವುದು ಬಹುಪಾಲು ಕೈಯ ಮೇಲೆ. ನರ್ಸ್ ಕೈ, ಡಾಕ್ಟರ ಕೈ, ನೋಡಲು ಬಂದ ನಮ್ಮ ಕೈ. ಮಂಚದ ತುದಿಯ ಸ್ಯಾನಿಟೈಜರ್ ಬಾಟಲಿ ಅಲಂಕಾರಕ್ಕಲ್ಲ.

ಔಷಧ ಅಂಗಡಿಯಲ್ಲಿ ಚೀಟಿ ಕೇಳುವುದೂ ಇದಕ್ಕೇ. 2014ರ ಮಾರ್ಚಿನಿಂದ ಸೆಫ್ಟ್ರಿಯಾಕ್ಸೋನ್ ಸೇರಿ ಹಲವು ಆ್ಯಂಟಿಬಯೋಟಿಕ್‌ಗಳು ಎಚ್1 ಎಂಬ ಪಟ್ಟಿಯಲ್ಲಿವೆ. ಅವನ್ನು ಮಾರಿದರೆ ಅಂಗಡಿಯವರು ಡಾಕ್ಟರ ಹೆಸರು, ರೋಗಿಯ ಹೆಸರು ಬರೆದಿಡಬೇಕು. ಸ್ಟ್ರಿಪ್ ಮೇಲೆ ಕೆಂಪು ಗೆರೆ ಇದ್ದರೆ ಚೀಟಿ ಇಲ್ಲದೆ ತಗೊಳ್ಳುವ ಗುಳಿಗೆ ಅಲ್ಲ ಅಂತ ಅರ್ಥ. "ಹೈ ಪವರ್ ಒಂದು ಎರಡು ಕೊಡ್ರಿ" ಅಂತ ಕೌಂಟರಿನಲ್ಲಿ ಕೇಳುವ ಪದ್ಧತಿ ಇನ್ನೂ ಹೋಗಿಲ್ಲ ಬಿಡಿ.

ಮನೆಗೆ ಬಂದ ಮೇಲೆ

ಡಿಸ್ಚಾರ್ಜ್ ದಿನ ಸಿಸ್ಟರ್ ಗುಳಿಗೆ ಕವರಿನ ಮೇಲೆ ಟೈಮು ಬರೆದು, ಚಿಕ್ಕವ್ವನ ಬಾಯಿಂದಲೇ ತಿರುಗಿ ಹೇಳಿಸಿದರು. ತಿಳಿಯಿತೇನ್ರಿ ಅಂದರೆ ಎಲ್ಲರೂ ಹೂಂ ಅನ್ನುತ್ತಾರೆ, ಹೇಳಿಸಿದಾಗಲೇ ಗೊತ್ತಾಗೋದು.

ಡಾಕ್ಸಿಸೈಕ್ಲಿನ್, ಸಿಪ್ರೊಫ್ಲಾಕ್ಸಾಸಿನ್ ಗುಳಿಗೆಯನ್ನು ಹಾಲಿನ ಜೊತೆ, ಕಬ್ಬಿಣದ ಗುಳಿಗೆ ಅಥವಾ ಅಸಿಡಿಟಿ ಔಷಧದ ಜೊತೆ ನುಂಗಿದರೆ ಅವು ಗಂಟು ಬಿದ್ದು ಹೊಟ್ಟೆಯಲ್ಲೇ ಉಳಿಯುತ್ತವೆ. ಡಾಕ್ಸಿಸೈಕ್ಲಿನ್ ನುಂಗುವಾಗ ತುಂಬು ಲೋಟ ನೀರು ಬೇಕು, ಕೂಡಲೇ ಮಲಗಬಾರದು. ಅನ್ನನಾಳದಲ್ಲಿ ಸಿಕ್ಕರೆ ಸುಡುತ್ತದೆ. ಮಕ್ಕಳ ಪುಡಿ ಸಿರಪ್‌ಗೆ ಕುದಿಸಿ ಆರಿಸಿದ ನೀರನ್ನು ಗೆರೆಯವರೆಗೆ ಮಾತ್ರ ಹಾಕಬೇಕು. ನೀರು ಜಾಸ್ತಿಯಾದರೆ ಔಷಧ ತೆಳುವಾಗುತ್ತದೆ, ಕಡಿಮೆಯಾದರೆ ಗಟ್ಟಿಯಾಗುತ್ತದೆ. ಪ್ರತಿ ಸಲ ಅಲುಗಾಡಿಸಿ, ಅಳತೆ ಮುಚ್ಚಳದಲ್ಲಿ ಕೊಡಿ, ಚಹಾ ಚಮಚದಲ್ಲಲ್ಲ. ಎಷ್ಟು ದಿನ ಅನ್ನೋದನ್ನು ಡಾಕ್ಟರು ಬರೆದಷ್ಟೇ. ಆರಾಮಾಯಿತು ಅಂತ ನಾವೇ ನಿಲ್ಲಿಸೋದೂ ಬೇಡ, ಇರಲಿ ಅಂತ ನಾವೇ ಮುಂದುವರಿಸೋದೂ ಬೇಡ.

ಔಷಧ ನಡುವೆ ನಿಂತರೆ ಏನಾಗುತ್ತದೆ ಅನ್ನೋದಕ್ಕೆ ಪೆನಿಸಿಲಿನ್‌ನ ಶುರುವಿನ ಕಥೆಯೇ ಇದೆ. 1928ರಲ್ಲಿ ಫ್ಲೆಮಿಂಗ್ ಎಂಬ ವಿಜ್ಞಾನಿ ಬೂಷ್ಟಿನಲ್ಲಿ ಅದನ್ನು ಕಂಡ. ಮನುಷ್ಯರ ಸೋಂಕಿಗೆ ಆಕ್ಸ್‌ಫರ್ಡಿನಲ್ಲಿ ಕೊಟ್ಟು ನೋಡಿದ್ದು 1941ರಲ್ಲಿ, ಆಲ್ಬರ್ಟ್ ಅಲೆಕ್ಸಾಂಡರ್ ಎಂಬ ಪೊಲೀಸನಿಗೆ. ಜ್ವರ ಇಳಿಯಿತು, ಊಟ ಹೋಗತೊಡಗಿತು. ಆದರೆ ಇದ್ದ ಔಷಧವೇ ಅಷ್ಟು. ಅವನ ಮೂತ್ರದಿಂದ ಪೆನಿಸಿಲಿನ್ ತಿರುಗಿ ತೆಗೆದು ಮತ್ತೆ ಅವನಿಗೇ ಕೊಟ್ಟರು. ಐದು ದಿನಕ್ಕೆ ಎಲ್ಲ ಮುಗಿಯಿತು. ಸೋಂಕು ಮರಳಿ ಬಂದು ಮುಂದಿನ ತಿಂಗಳು ಅವನು ತೀರಿಕೊಂಡ. ಇದನ್ನು ಚಿಕ್ಕವ್ವನಿಗೆ ಹೇಳಿದೆ. "ಯವ್ವಾ, ಉಚ್ಚಿಯಾಗಿಂದ ತಗದ್ರ?" ಅಂತ ಅದನ್ನೇ ಹಿಡಿದು ಎರಡು ದಿನ ನಕ್ಕಳು. ಗುಳಿಗೆ ಮಾತ್ರ ಒಂದೂ ಬಿಡಲಿಲ್ಲ.

ಅಂದಹಾಗೆ ಆ ಪೆನ್ ಗೆರೆ. ಮೊದಲ ದಿನ ಕಾಲಿನ ಕೆಂಪು ಆ ಗೆರೆ ದಾಟಿ ಅರ್ಧ ಬೆರಳು ಮುಂದೆ ಹೋಗಿತ್ತು, ನಾವು ಹೆದರಿದ್ದೆವು. ಶುರುವಿನಲ್ಲಿ ಹಾಗೆ ಆಗಬಹುದು, ಗೆರೆ ಜೊತೆ ಜ್ವರ, ನೋವನ್ನೂ ನೋಡಬೇಕು ಅಂತ ಸಿಸ್ಟರ್ ಅಂದಿದ್ದರು. ಮೂರನೇ ದಿನಕ್ಕೆ ಕೆಂಪು ಆ ಗೆರೆಯಿಂದ ಎರಡು ಬೆರಳು ಒಳಗೆ ಸರಿದಿತ್ತು. ಊರಿಗೆ ಬಂದು ವಾರವಾದರೂ ಚಿಕ್ಕವ್ವ ಅದನ್ನು ತಿಕ್ಕಿರಲಿಲ್ಲ. ಮಾತಾಡಿಸಲು ಬಂದವರಿಗೆಲ್ಲ ಸೀರೆ ನಿರಿಗೆ ಸ್ವಲ್ಪ ಎತ್ತಿ, ಮಾಸಿದ ನೀಲಿ ಗೆರೆ ತೋರಿಸಿ ಹೇಳುತ್ತಿದ್ದಳು: "ನೋಡ್ರಿ, ಇಲ್ಲೀತನಕ ಬಂದಿತ್ತು."